ಲೋಹದ ಉಗ್ರಾಣದಲ್ಲಿ ಜಲಜನಕ: ಲಾಭವೆಲ್ಲಿ, ಹೊರೆಯೆಲ್ಲಿ?

ಕೇಂದ್ರ ಸರಕಾರವು 2023ರ ಜನವರಿಯಲ್ಲಿ 19,744 ಕೋಟಿ ರೂಪಾಯಿಗಳ ರಾಷ್ಟ್ರೀಯ ಹಸಿರು ಜಲಜನಕ ಅಭಿಯಾನಕ್ಕೆ ಅನುಮೋದನೆ ನೀಡಿದ ತರುವಾಯ, ಜಲಜನಕದ ಉತ್ಪಾದನೆಯ ಬಗ್ಗೆ ಉದ್ಯಮ ವಲಯದಲ್ಲಿ ವ್ಯಾಪಕ ಚರ್ಚೆ ನಡೆದಿದೆ. ಆದರೆ ಸರಕು ಉತ್ಪಾದನೆಯಾದ ಮಾತ್ರಕ್ಕೆ ವ್ಯಾಪಾರ ಮುಗಿಯುವುದಿಲ್ಲ. ದಾಸ್ತಾನಿನ ವೆಚ್ಚವೇ ಅನೇಕ ವೇಳೆ ಲಾಭವನ್ನು ನುಂಗಿಬಿಡುತ್ತದೆ ಎಂಬುದು ವರ್ತಕರಿಗೆ ಹೊಸ ವಿಷಯವಲ್ಲ. ಜಲಜನಕಕ್ಕಂತೂ ಈ ಮಾತು ಅಕ್ಷರಶಃ ಅನ್ವಯಿಸುತ್ತದೆ.

ಸಾಮಾನ್ಯ ಒತ್ತಡದಲ್ಲಿ ಒಂದು ಕಿಲೋಗ್ರಾಂ ಜಲಜನಕವು ಸುಮಾರು 12 ಘನ ಮೀಟರ್ ಜಾಗವನ್ನು ಆಕ್ರಮಿಸುತ್ತದೆ. ಅದನ್ನು ಕುಗ್ಗಿಸಲು ಪ್ರಚಲಿತವಿರುವ ಮಾರ್ಗಗಳು ಎರಡು: ಅಧಿಕ ಒತ್ತಡದಲ್ಲಿ ಸಿಲಿಂಡರಿಗೆ ತುಂಬುವುದು (ವಾಹನಗಳಲ್ಲಿ ಇದು 700 ಬಾರ್‌ವರೆಗೂ ಇರುತ್ತದೆ), ಇಲ್ಲವೇ ಶೂನ್ಯಕ್ಕಿಂತ 253 ಡಿಗ್ರಿ ಸೆಲ್ಸಿಯಸ್ ಕೆಳಗೆ ತಂಪುಗೊಳಿಸಿ ದ್ರವವಾಗಿಸುವುದು. ಮೂರನೆಯ ಮಾರ್ಗವೇ ಲೋಹ ಹೈಡ್ರೈಡ್.

ಕಾರ್ಯವಿಧಾನ

ಪಲ್ಲಾಡಿಯಂ ಲೋಹವು ತನ್ನ ಗಾತ್ರದ ನೂರಾರು ಪಟ್ಟು ಜಲಜನಕವನ್ನು ಹೀರಿಕೊಳ್ಳುವುದನ್ನು ಥಾಮಸ್ ಗ್ರಹಾಂ ಎಂಬ ರಸಾಯನ ವಿಜ್ಞಾನಿ 1860ರ ದಶಕದಲ್ಲಿಯೇ ಗುರುತಿಸಿದ್ದರು. ಅನಿಲದ ಅಣು ಲೋಹದ ಮೇಲ್ಮೈಯಲ್ಲಿ ಎರಡು ಪರಮಾಣುಗಳಾಗಿ ಒಡೆದು, ಲೋಹದ ಪರಮಾಣುಗಳ ನಡುವಿನ ತೆರವುಗಳಲ್ಲಿ ನೆಲೆಸುತ್ತದೆ. ಹೀರುವಾಗ ಶಾಖ ಹೊರಬೀಳುತ್ತದೆ. ಅಷ್ಟೇ ಶಾಖವನ್ನು ಮರಳಿ ಕೊಟ್ಟರೆ ಅನಿಲವು ಹೊರಬರುತ್ತದೆ. ಇಟ್ಟ ಠೇವಣಿಯನ್ನು ಮರಳಿ ಪಡೆಯುವಂತಹ ಈ ವ್ಯವಹಾರದಲ್ಲಿ ಶಾಖವೇ ಶುಲ್ಕ.

ಪಲ್ಲಾಡಿಯಂ ದುಬಾರಿಯಾದ್ದರಿಂದ ಅನ್ಯ ಮಿಶ್ರಲೋಹಗಳ ಹುಡುಕಾಟ ನಡೆಯಿತು. 1960ರ ದಶಕದ ಕೊನೆಯಲ್ಲಿ ನೆದರ್ಲೆಂಡ್ಸಿನ ಫಿಲಿಪ್ಸ್ ಪ್ರಯೋಗಾಲಯವು ಲ್ಯಾಂಥನಂ-ನಿಕ್ಕಲ್ ಮಿಶ್ರಲೋಹದ ಗುಣವನ್ನು ಕಂಡುಕೊಂಡಿತು. 1974ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದ ರೈಲಿ ಮತ್ತು ವಿಸ್ವಾಲ್ ಟೈಟೇನಿಯಂ-ಕಬ್ಬಿಣದ ಮಿಶ್ರಲೋಹವನ್ನು ವರದಿ ಮಾಡಿದರು. ಭಾರತದಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಪ್ರೊ. ಓ. ಎನ್. ಶ್ರೀವಾಸ್ತವ ಅವರ ತಂಡವು ಹೈಡ್ರೈಡ್ ತೊಟ್ಟಿಯ ಮೋಟಾರ್ ಸೈಕಲ್ಲನ್ನು ಓಡಿಸಿ ತೋರಿಸಿತ್ತು.

ತೂಕ ಮತ್ತು ಶಾಖದ ಲೆಕ್ಕ

ಲ್ಯಾಂಥನಂ-ನಿಕ್ಕಲ್ ತನ್ನ ತೂಕದ ಸುಮಾರು ಶೇ. 1.4ರಷ್ಟು ಮಾತ್ರ ಜಲಜನಕವನ್ನು ಹಿಡಿದಿಡುತ್ತದೆ. ಅಂದರೆ 5 ಕಿ.ಗ್ರಾಂ. ಅನಿಲಕ್ಕೆ 350 ಕಿ.ಗ್ರಾಂ.ಗೂ ಮಿಕ್ಕಿ ಮಿಶ್ರಲೋಹ ಬೇಕು. ತೊಟ್ಟಿಯ ತೂಕ ಬೇರೆ. ಈ ಮಿಶ್ರಲೋಹದ ತೂಕದಲ್ಲಿ ಶೇ. 68ರಷ್ಟು ನಿಕ್ಕಲ್ ಇರುವುದರಿಂದ ಅದರ ದರವು ನಿಕ್ಕಲ್ ಪೇಟೆಯನ್ನು ಹಿಂಬಾಲಿಸುತ್ತದೆ. ಟೈಟೇನಿಯಂ-ಕಬ್ಬಿಣವು ಶೇ. 1.8ರಷ್ಟು ಹಿಡಿಯುತ್ತದೆ ಮತ್ತು ಅಗ್ಗವೂ ಹೌದು. ಆದರೆ ಮೊದಲ ಬಾರಿ ಅದನ್ನು ಕಾಯಿಸಿ, ಅಧಿಕ ಒತ್ತಡ ಕೊಟ್ಟು ಸಜ್ಜುಗೊಳಿಸಬೇಕು.

ಮೆಗ್ನೀಸಿಯಂ ಹೈಡ್ರೈಡಿನಲ್ಲಿ ಜಲಜನಕದ ಪಾಲು ಶೇ. 7.6. ಈ ಅಂಕಿಯನ್ನು ಮಾತ್ರ ನೋಡಿದರೆ ಅದೇ ಶ್ರೇಷ್ಠವೆನಿಸೀತು. ಶುಲ್ಕದ ಕಲಮನ್ನು ನೋಡಿದಾಗ ಚಿತ್ರ ಬದಲಾಗುತ್ತದೆ. ಒಂದು ಕಿಲೋಗ್ರಾಂ ಜಲಜನಕದಲ್ಲಿ ಸುಮಾರು 33 ಯೂನಿಟ್ ಶಕ್ತಿಯಿದೆ. ಅದನ್ನು ಬಿಡಿಸಿಕೊಳ್ಳಲು ಲ್ಯಾಂಥನಂ-ನಿಕ್ಕಲ್‌ಗೆ ಸುಮಾರು 4 ಯೂನಿಟ್ ಶಾಖ ಸಾಕು. ಮೆಗ್ನೀಸಿಯಂಗೆ 10 ಯೂನಿಟ್ ಬೇಕು, ಅದೂ ಸುಮಾರು 300 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ. ಮೊದಲಿನದಕ್ಕೆ ಇಂಧನ ಕೋಶದ ತ್ಯಾಜ್ಯ ಶಾಖ ಅಥವಾ ಬಿಸಿನೀರು ಸಾಕಾಗುತ್ತದೆ. ಎರಡನೆಯದಕ್ಕೆ ಹಣ ತೆತ್ತು ಶಾಖ ಒದಗಿಸಬೇಕಾದೀತು.

ಎಲ್ಲಿ ಉಪಯುಕ್ತ?

ತೂಕವೇ ತೊಡಕಾಗಿರುವ ಕಾರು-ವಿಮಾನಗಳಿಗೆ ಈ ವ್ಯವಸ್ಥೆ ಹೊಂದುವುದಿಲ್ಲ. ತೂಕವು ಬಾಧಕವಲ್ಲದ ಕಡೆ ಅದು ಫಲ ಕೊಟ್ಟಿದೆ. ಜರ್ಮನಿಯ 212ಎ ಮಾದರಿಯ ಜಲಾಂತರ್ಗಾಮಿಗಳಲ್ಲಿ ಇಂಧನ ಕೋಶಗಳಿಗೆ ಬೇಕಾದ ಜಲಜನಕವು ಹೈಡ್ರೈಡ್ ತೊಟ್ಟಿಗಳಲ್ಲಿದೆ. ಹೇಗೂ ಪ್ರತಿಭಾರ ಹೊರಲೇಬೇಕಾದ ಫೋರ್ಕ್‌ಲಿಫ್ಟ್‌ಗಳಿಗೂ, ಕದಲದೆ ನಿಲ್ಲುವ ಕಾರ್ಖಾನೆಯ ತೊಟ್ಟಿಗಳಿಗೂ ಇದು ಪರಿಗಣನಾರ್ಹ. ಅತಿ ಹೆಚ್ಚು ಬಳಕೆಯಾದ ರೂಪವೆಂದರೆ ನಿಕ್ಕಲ್-ಲೋಹ ಹೈಡ್ರೈಡ್ ಬ್ಯಾಟರಿ; 1997ರಲ್ಲಿ ಬಂದ ಟೊಯೋಟಾ ಪ್ರಿಯಸ್ ಕಾರಿನಲ್ಲಿದ್ದುದು ಇದೇ.

ಸುರಕ್ಷತೆಯಲ್ಲಿಯೂ ಒಂದು ಅನುಕೂಲವಿದೆ. ತೊಟ್ಟಿ ಸೋರಿದರೆ ಅನಿಲ ಹೊರಹೋಗುತ್ತಲೇ ಲೋಹ ತಣ್ಣಗಾಗಿ ಸೋರಿಕೆಯ ವೇಗ ತಾನಾಗಿ ಕುಗ್ಗುತ್ತದೆ. ಆದರೆ ಹೀರುವಾಗ ಹಿಗ್ಗಿ, ಬಿಡುವಾಗ ಕುಗ್ಗುವ ಮಿಶ್ರಲೋಹವು ಕ್ರಮೇಣ ಸಣ್ಣ ಪುಡಿಯಾಗುತ್ತದೆ. ಈ ಪುಡಿಯು ಗಾಳಿ ತಾಗಿದರೆ ಹೊತ್ತಿಕೊಳ್ಳುವ ಸಂಭವವಿರುವುದರಿಂದ ತೊಟ್ಟಿಯನ್ನು ಬಿಚ್ಚುವ ಕೆಲಸ ತಜ್ಞರದೇ ಆಗಿರಬೇಕು.

ಖರೀದಿಗೆ ಮುನ್ನ

ಕೊಟೇಷನ್ ಬಂದಾಗ ಉದ್ಯಮಿಗಳು ಕೆಳಗಿನ ಅಂಶಗಳನ್ನು ಲಿಖಿತವಾಗಿ ಕೇಳಿ ಪಡೆಯುವುದು ಒಳಿತು:

1. ನಮೂದಿಸಿದ ಶೇಕಡಾವಾರು ಸಾಮರ್ಥ್ಯವು ಬರೀ ಮಿಶ್ರಲೋಹದ್ದೋ, ತೊಟ್ಟಿ ಹಾಗೂ ಶಾಖದ ಕೊಳವೆಗಳನ್ನು ಸೇರಿಸಿದ್ದೋ?

2. ಎಷ್ಟು ಬಾರಿ ತುಂಬಿ ತೆಗೆದ ಮೇಲೆ ಎಷ್ಟು ಸಾಮರ್ಥ್ಯ ಉಳಿಯುತ್ತದೆ?

3. ಅನಿಲ ಎಷ್ಟು ಶುದ್ಧವಾಗಿರಬೇಕು? ಇಂಗಾಲದ ಮಾನಾಕ್ಸೈಡ್, ಆಮ್ಲಜನಕ, ತೇವಾಂಶಗಳು ಮಿಶ್ರಲೋಹವನ್ನು ಕೆಡಿಸುವುದರಿಂದ ಶುದ್ಧೀಕರಣದ ವೆಚ್ಚವನ್ನೂ ಲೆಕ್ಕಕ್ಕೆ ಹಿಡಿಯಬೇಕು.

4. ತುಂಬುವ ಅವಧಿ ಎಷ್ಟು? ಹೊರಬೀಳುವ ಶಾಖವನ್ನು ತೆಗೆಯದಿದ್ದರೆ ಹೀರಿಕೆಯೇ ನಿಂತುಹೋಗುತ್ತದೆ.

5. ಆಯುಷ್ಯ ಮುಗಿದ ಮಿಶ್ರಲೋಹವನ್ನು ಮರಳಿ ಕೊಳ್ಳುವವರಾರು, ಯಾವ ದರಕ್ಕೆ? ನಿಕ್ಕಲ್ ಅಂಶದಿಂದಾಗಿ ಗುಜರಿ ಮೌಲ್ಯವು ಗಣನೀಯವಾಗಿರಬಲ್ಲದು.

ಸಿಲಿಂಡರಿನ ಬಾಡಿಗೆ, ಸಾಗಣೆ, ಒತ್ತಡಕ್ಕೆ ತಗಲುವ ವಿದ್ಯುತ್ತು ಒಂದು ಕಡೆ. ಹೈಡ್ರೈಡಿನ ಬಂಡವಾಳ, ಬಡ್ಡಿ, ಶಾಖ, ಶುದ್ಧೀಕರಣ ಇನ್ನೊಂದು ಕಡೆ. ದಿನಕ್ಕೆ ಹಲವು ಬಾರಿ ತುಂಬಿ ತೆಗೆಯುವ, ಪುಕ್ಕಟೆ ಬಿಸಿನೀರು ಲಭ್ಯವಿರುವ ಘಟಕಕ್ಕೆ ಎರಡನೆಯದು ಮೇಲಾಗಬಹುದು. ವರ್ಷಕ್ಕೆ ಕೆಲವೇ ಬಾರಿ ಬಳಸುವವರಿಗೆ ಬಂಡವಾಳವು ನಿಷ್ಕ್ರಿಯವಾಗಿ ಕುಳಿತುಬಿಡುತ್ತದೆ. ಅಂಥವರಿಗೆ ಸಿಲಿಂಡರೇ ಲೇಸು.