ಶಾಸನಶಿಲೆಗಳೂ ಊರವರ ಹೊಣೆಯೂ

ಉಲ್ಲಾಳವೆಂದೊಡನೆ ನಾಡಿನ ಬಹುಮಂದಿಗೆ ನೆನಪಾಗುವುದು ಪೋರ್ಚುಗೀಸರನ್ನು ಎದುರಿಸಿ ನಿಂತ ರಾಣಿ ಅಬ್ಬಕ್ಕನ ಕಡಲತಡಿಯ ಉಲ್ಲಾಳ. ಬೆಂಗಳೂರಿನ ಪಶ್ಚಿಮಕ್ಕೆ, ಮೈಸೂರು ರಸ್ತೆಗೂ ಮಾಗಡಿ ರಸ್ತೆಗೂ ನಡುವೆ, ಜ್ಞಾನಭಾರತಿಗೆ ಸಮೀಪದಲ್ಲಿ ಅದೇ ಹೆಸರಿನ ಇನ್ನೊಂದು ಊರುಂಟು. ಈ ಉಲ್ಲಾಳಕ್ಕೆ ಜನಜನಿತವಾದ ಚರಿತ್ರೆಯಿಲ್ಲ. ಒಂದು ಕೆರೆಯುಂಟು, ಒಂದು ಕಾಲಕ್ಕೆ ಹೊಲಗದ್ದೆಗಳಿದ್ದ ಕಡೆಗಳಲ್ಲಿ ಈಗ ಬಡಾವಣೆಗಳುಂಟು. 2007ರಲ್ಲಿ ಬೆಂಗಳೂರಿನ ಮಹಾನಗರಪಾಲಿಕೆಯನ್ನು ವಿಸ್ತರಿಸಿದಾಗ ಏಳು ನಗರಸಭೆಗಳೂ ಕೆಂಗೇರಿ ಪುರಸಭೆಯೂ 110 ಹಳ್ಳಿಗಳೂ ಒಮ್ಮೆಗೇ ನಗರದೊಳಗೆ ಸೇರಿದುವು. ಹೀಗೆ ಹಳ್ಳಿಯೊಂದು ನಗರದ ಬಡಾವಣೆಯಾಗಿ ಪರಿವರ್ತನೆ ಹೊಂದುವಾಗ ಅಲ್ಲಿಯ ಜಮೀನಿಗೆ ಬೆಲೆ ಬರುತ್ತದೆ. ಆ ಜಮೀನಿನ ಅಂಚಿನಲ್ಲಿ ನಿಂತಿರುವ ಬರಹದ ಕಲ್ಲಿಗೆ ಏನು ಬರುತ್ತದೆಂಬುದು ವಿಚಾರಾರ್ಹವಾದ ಪ್ರಶ್ನೆ.

ಪ್ರಾಚೀನ ಅವಶೇಷಗಳ ರಕ್ಷಣೆಯೆಂದರೆ ಕೋಟೆ, ಅರಮನೆ, ದೊಡ್ಡ ದೇವಾಲಯಗಳ ರಕ್ಷಣೆಯೆಂದೇ ಸಾಮಾನ್ಯವಾದ ಭಾವನೆ. ಅಂಥ ಕಟ್ಟಡಗಳಿಗೆ ಪೋಷಕರು ಹೇಗೋ ಹುಟ್ಟಿಕೊಳ್ಳುತ್ತಾರೆ. ಬೆಂಗಳೂರಿನ ಅಠಾರಾ ಕಚೇರಿಯನ್ನು ಕೆಡಹುವ ಪ್ರಸ್ತಾಪ 1980ರ ದಶಕದಲ್ಲಿ ಬಂದಾಗ ನಾಗರಿಕರು ನ್ಯಾಯಾಲಯದ ಮೊರೆಹೊಕ್ಕರು. ಆ ಕೆಂಪು ಕಟ್ಟಡ ಉಳಿಯಿತು. ಸಂವಿಧಾನದ 49ನೆಯ ಅನುಚ್ಛೇದವು ರಾಷ್ಟ್ರೀಯ ಪ್ರಾಮುಖ್ಯದ ಸ್ಮಾರಕಗಳ ರಕ್ಷಣೆಯನ್ನು ರಾಜ್ಯದ ಕರ್ತವ್ಯವೆಂದು ವಿಧಿಸಿದೆ. 1958ರ ಕೇಂದ್ರ ಕಾಯಿದೆಯೂ 1961ರ ರಾಜ್ಯ ಕಾಯಿದೆಯೂ ಜಾರಿಯಲ್ಲಿವೆ. ಆದರೆ ಈ ಕಾಯಿದೆಗಳ ಛತ್ರಛಾಯೆ ಮುಖ್ಯವಾಗಿ ಸರ್ಕಾರವು ‘ಸಂರಕ್ಷಿತ’ವೆಂದು ಘೋಷಿಸಿದ ಸ್ಮಾರಕಗಳಿಗೆ ದೊರೆಯುವಂಥದು. ಊರಬಾಗಿಲ ವೀರಗಲ್ಲು, ಕೆರೆಯ ಏರಿಯ ಮೇಲಿನ ದಾನಶಾಸನ, ಹೊಲದ ಬದುವಿನ ಮಾಸ್ತಿಕಲ್ಲು ಇವುಗಳಲ್ಲಿ ಬಹುಪಾಲು ಯಾವ ಘೋಷಣೆಯ ವ್ಯಾಪ್ತಿಗೂ ಬಂದಿಲ್ಲ. ಇವುಗಳಿಗೆ ಕಾವಲೆಂದರೆ ಊರವರೇ. 1976ರ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 51ಎ ಅನುಚ್ಛೇದವು ಪರಂಪರೆಯ ರಕ್ಷಣೆಯನ್ನು ನಾಗರಿಕನ ಮೂಲಭೂತ ಕರ್ತವ್ಯಗಳಲ್ಲಿ ಎಣಿಸಿರುವುದು ಅರ್ಥಪೂರ್ಣವಾಗಿದೆ.

ಈ ಕಲ್ಲುಗಳು ಏನು ಹೇಳುತ್ತವೆಂಬುದನ್ನು ಮೊದಲು ತಿಳಿಯಬೇಕು. ಬೆಂಗಳೂರಿನಲ್ಲಿಯೇ ಹುಟ್ಟಿದ ಬಿ. ಎಲ್. ರೈಸ್ ಅವರು ಊರೂರು ಅಲೆದು, ಅಲೆಯಿಸಿ, ಸುಮಾರು 9000 ಶಾಸನಗಳನ್ನು ‘ಎಪಿಗ್ರಾಫಿಯ ಕರ್ನಾಟಿಕ’ದ ಹನ್ನೆರಡು ಸಂಪುಟಗಳಲ್ಲಿ ಪ್ರಕಟಿಸಿದರು. ಬೆಂಗಳೂರು ಜಿಲ್ಲೆಯ ಶಾಸನಗಳ ಒಂಬತ್ತನೆಯ ಸಂಪುಟ ಹೊರಬಂದುದು 1905ರಲ್ಲಿ. ಇಂದು ರಾಜಾಜಿನಗರದೊಳಗೆ ಅಡಗಿಹೋಗಿರುವ ಕೇತಮಾರನಹಳ್ಳಿಯಲ್ಲಿ ಹೊಯ್ಸಳರ ಕಾಲದ ಶಾಸನವಿದೆಯೆಂದರೆ ಆ ಬಡಾವಣೆಯ ನಿವಾಸಿಗಳೇ ಬೆರಗಾಗುತ್ತಾರೆ. ಮಲ್ಲೇಶ್ವರದ ಕಾಡುಮಲ್ಲೇಶ್ವರ ದೇವಾಲಯದ ಬಳಿಯ ಬಂಡೆಯ ಮೇಲೆ 1669ರ ಬರಹವೊಂದಿದೆ. ಶಿವಾಜಿಯ ಸೋದರನಾದ ಏಕೋಜಿಯು ಮಲ್ಲಪುರದ ಮಲ್ಲಿಕಾರ್ಜುನ ದೇವರಿಗೆ ಮೇದರನಿಂಗನಹಳ್ಳಿಯನ್ನು ದತ್ತಿಯಾಗಿ ಬಿಟ್ಟ ವಿಷಯ ಅದರಲ್ಲಿದೆ. ಆ ಹಳ್ಳಿ ಇಂದು ಊರಾಗಿ ಉಳಿದಿಲ್ಲ. ಅದರ ಹೆಸರನ್ನು ಬಂಡೆ ಹಿಡಿದುಕೊಂಡಿದೆ. ಅಗರದ ಒಂಬತ್ತನೆಯ ಶತಮಾನದ ಶಾಸನವು ಕೆರೆಗಳಿಗೆ ತೂಬನ್ನಿಡಿಸಿ, ಹೊಸ ಕೆರೆಯೊಂದನ್ನು ಕಟ್ಟಿಸಿದ ಸಂಗತಿಯನ್ನು ತಿಳಿಸುತ್ತದೆ. ಕೆರೆಯನ್ನು ಕಟ್ಟಿಸಿದವನಿಗೂ ಕಾಪಾಡಿದವನಿಗೂ ಅದರ ಕೆಳಗಿನ ಭೂಮಿಯಲ್ಲಿ ‘ಬಿತ್ತುವಟ್ಟ’ವೆಂಬ ಹಕ್ಕನ್ನು ಕೊಡುತ್ತಿದ್ದ ಪದ್ಧತಿ ನಮಗೆ ಗೊತ್ತಾಗಿರುವುದು ಇಂಥ ಕಲ್ಲುಗಳಿಂದಲೇ. ಉಲ್ಲಾಳದಂಥ ಕೆರೆಯೂರಿನವರಿಗೆ ಇದು ಕೇವಲ ವಿದ್ವಾಂಸರ ಕುತೂಹಲದ ವಿಷಯವಲ್ಲ. ಕೆರೆಯ ಎಲ್ಲೆ ಎಲ್ಲಿಗೆ ಮುಗಿಯುತ್ತದೆಂಬ ವಿವಾದ ಇಂದಿಗೂ ಜೀವಂತವಾಗಿದೆ.

ನಗರದ ಹೆಸರಿನ ವಿಷಯವನ್ನೇ ನೋಡಬಹುದು. ಬೇಟೆಯಲ್ಲಿ ದಾರಿತಪ್ಪಿದ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳನ್ನು ಕೊಟ್ಟಳೆಂದೂ ಅದರಿಂದ ಈ ಸ್ಥಳ ಬೆಂದಕಾಳೂರಾಯಿತೆಂದೂ ಹೇಳುವ ಕಥೆ ಸುಂದರವಾದುದೇ. ಆದರೆ ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ ಸುಮಾರು ಕ್ರಿ.ಶ. 890ರ ವೀರಗಲ್ಲು ‘ಬೆಂಗಳೂರು ಕಾಳಗ’ವನ್ನು ಹೆಸರಿಸುತ್ತದೆ. ಬಲ್ಲಾಳನಿಗೆ ಸುಮಾರು ಮೂರು ಶತಮಾನಗಳಷ್ಟು ಹಿಂದೆಯೇ ಈ ಹೆಸರು ಬಳಕೆಯಲ್ಲಿತ್ತೆಂಬುದು ಅಷ್ಟರಿಂದಲೇ ನಿರ್ವಿವಾದವಾಗಿ ಸಿದ್ಧವಾಯಿತು. ಆ ಕಲ್ಲನ್ನು ಯಾರಾದರೂ ಚರಂಡಿಯ ಮುಚ್ಚಳವಾಗಿ ಹಾಕಿಕೊಂಡಿದ್ದರೆ ನಾವು ಇಂದಿಗೂ ಬೆಂದ ಕಾಳನ್ನೇ ನಂಬಿಕೊಂಡಿರಬೇಕಾಗಿತ್ತು.

ಚರಂಡಿಯ ಮಾತು ಅತಿಶಯೋಕ್ತಿಯಲ್ಲ. ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿಗಾಗಿ ನೆಲವನ್ನು ಅಗೆಯುತ್ತಿದ್ದಾಗ ಒಂದು ಬರಹದ ಕಲ್ಲು ಮೇಲೆ ಬಂದಿತು. ನಗರದ ಶಾಸನಶಿಲೆಗಳನ್ನು ಹುಡುಕಿ ದಾಖಲಿಸುವ ಕಾರ್ಯದಲ್ಲಿ 2017ರಿಂದ ತೊಡಗಿದ್ದ ‘ಇನ್‌ಸ್ಕ್ರಿಪ್ಷನ್ ಸ್ಟೋನ್ಸ್ ಆಫ್ ಬೆಂಗಳೂರು’ ಎಂಬ ನಾಗರಿಕರ ಬಳಗಕ್ಕೆ ಇದರ ಸುಳಿವು ದೊರೆಯಿತು. ಶಾಸನತಜ್ಞರು ಓದಿದಾಗ ಅದು ಗಂಗದೊರೆ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ವೀರಗಲ್ಲೆಂದು ತಿಳಿದುಬಂದಿತು. ಕಿತ್ತಯನೆಂಬ ವೀರನು ಊರಿನ ಮೇಲೆ ದಾಳಿಯಾದಾಗ ಹೋರಾಡಿ ಮಡಿದುದನ್ನು ಅದು ಹೇಳುತ್ತದೆ. ‘ಪೆರ್ಬೊಳಲ್ನಾಡು ಮೂವತ್ತು’ ಎಂಬ ಆಡಳಿತ ವಿಭಾಗದ ಉಲ್ಲೇಖವೂ ಇದರಲ್ಲಿದೆ. ‘ಪೆರ್’ ಎಂದರೆ ಹಿರಿದು, ‘ಪೊಳಲ್’ ಎಂದರೆ ಪಟ್ಟಣ. ಪೆರ್ಬೊಳಲೇ ಹೆಬ್ಬೊಳಲಾಗಿ, ಹೆಬ್ಬಾಳವಾಗಿ ಸವೆದಿದೆ. ಹಳ್ಳಿಯೆಂದು ಎಲ್ಲರೂ ಭಾವಿಸಿದ್ದ ಸ್ಥಳ ಹನ್ನೆರಡು ಶತಮಾನಗಳ ಹಿಂದೆ ಹಿರಿಯ ಪಟ್ಟಣವೆನಿಸಿಕೊಂಡಿತ್ತು!

ಇಲ್ಲಿ ಗಮನಿಸತಕ್ಕುದು ಮುಂದೆ ನಡೆದ ಕಾರ್ಯ. ಕಲ್ಲನ್ನು ವಸ್ತುಸಂಗ್ರಹಾಲಯಕ್ಕೆ ಸಾಗಿಸಿ ಕೈತೊಳೆದುಕೊಳ್ಳಬಹುದಾಗಿತ್ತು. ಹಾಗೆ ಮಾಡದೆ ಊರವರನ್ನೂ ಆಸಕ್ತರನ್ನೂ ಕೂಡಿಸಿ, ಧನಸಂಗ್ರಹ ಮಾಡಿ, ಹೆಬ್ಬಾಳದಲ್ಲಿಯೇ ಮಂಟಪವೊಂದನ್ನು ಕಟ್ಟಿ ಕಿತ್ತಯನನ್ನು ಅವನ ಊರಿನಲ್ಲಿಯೇ ನಿಲ್ಲಿಸಲಾಯಿತು. ವಸ್ತುಸಂಗ್ರಹಾಲಯಗಳ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಕಾಳಿಯೆಂಬ ಬೇಟೆನಾಯಿ ಹಂದಿಯೊಡನೆ ಹೋರಾಡಿ ಮಡಿದುದನ್ನು ಸ್ಮರಿಸುವ ಹತ್ತನೆಯ ಶತಮಾನದ ಆತಕೂರಿನ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಸುರಕ್ಷಿತವಾಗಿದೆ. ಆದರೂ ಶಾಸನವೆಂಬುದು ಸ್ಥಳಕ್ಕೆ ಅಂಟಿಕೊಂಡ ದಾಖಲೆ. ಎಲ್ಲೆಯನ್ನು ಹೇಳುವ ಕಲ್ಲನ್ನು ಎಲ್ಲೆಯಿಂದ ಕಿತ್ತರೆ ಅಕ್ಷರ ಉಳಿಯುತ್ತದೆ, ಸಾಕ್ಷ್ಯದ ಅರ್ಧ ಹೋಗುತ್ತದೆ. ಸ್ಥಳದಲ್ಲಿ ಉಳಿಸಲು ಸಾಧ್ಯವೇ ಇಲ್ಲವೆಂದು ನಿಶ್ಚಯವಾದ ಮೇಲೆ ಮಾತ್ರ ಸ್ಥಳಾಂತರವನ್ನು ಯೋಚಿಸುವುದು ಯುಕ್ತ.

ಜನರ ಒತ್ತಾಯದಿಂದ ನೆಲದೊಳಗಿನದು ಬೆಳಕಿಗೆ ಬಂದ ಇನ್ನೊಂದು ಉದಾಹರಣೆ ಕಾಡುಮಲ್ಲೇಶ್ವರನ ಎದುರಿನ ದಕ್ಷಿಣಮುಖ ನಂದಿತೀರ್ಥ. ಬಯಲೆಂದು ಕಾಣುತ್ತಿದ್ದ ಆ ನಿವೇಶನದ ಪರಭಾರೆಯನ್ನು ಸ್ಥಳೀಯರು ವಿರೋಧಿಸಿದರು. 1997ರಲ್ಲಿ ಅಗೆದು ನೋಡಿದಾಗ ಕಲ್ಯಾಣಿ, ನಂದಿ, ಅದರ ಬಾಯಿಂದ ಇಳಿವ ನೀರಿಗೆ ಒಡ್ಡಿಕೊಂಡ ಲಿಂಗ ಇಷ್ಟೂ ದೊರೆತುವು. ಅದು ಏಳು ಸಾವಿರ ವರ್ಷ ಹಳೆಯದೆಂದು ಭಕ್ತಿಯ ಭರದಲ್ಲಿ ಹೇಳುವವರಿದ್ದಾರೆ. ಇದಕ್ಕೆ ಯಾವ ಆಧಾರವೂ ಇಲ್ಲ. ಇಂಥ ಮಾತಿನಿಂದ ತೀರ್ಥದ ಗೌರವ ಹೆಚ್ಚುವುದಿಲ್ಲ.

ಭಕ್ತಿಯ ವಿಷಯವಾಗಿ ಇನ್ನೂ ಒಂದು ಮಾತುಂಟು. ವೀರಗಲ್ಲುಗಳು ಇಷ್ಟು ಕಾಲ ಉಳಿದಿರುವುದು ಬಹುಮಟ್ಟಿಗೆ ಪೂಜೆಯಿಂದಲೇ. ಸಾಮಾನ್ಯವಾಗಿ ಕೆಳಗಿನ ಫಲಕದಲ್ಲಿ ಹೋರಾಟ, ನಡುವೆ ಅಪ್ಸರೆಯರು ವೀರನನ್ನು ಮೇಲಕ್ಕೆ ಒಯ್ಯುವ ದೃಶ್ಯ, ಮೇಲೆ ಶಿವಲಿಂಗದ ಸನ್ನಿಧಿಯಲ್ಲಿ ಕುಳಿತ ವೀರ, ಹೀಗೆ ಅವುಗಳ ರಚನೆ. ಅಕ್ಷರ ಬಾರದ ಊರವರು ಈ ಮೇಲಿನ ಫಲಕವನ್ನು ಕಂಡೇ ಕೈಮುಗಿದರು. ಆದರೆ ವರ್ಷವರ್ಷವೂ ಬಳಿಯುವ ಸುಣ್ಣವೂ ಎಣ್ಣೆಬಣ್ಣವೂ ಅಕ್ಷರದ ಗುಳಿಗಳನ್ನು ತುಂಬಿಬಿಡುತ್ತವೆ. ಅದನ್ನು ತೆಗೆಯಲು ಉಳಿಯನ್ನೋ ಆಮ್ಲವನ್ನೋ ಹಿಡಿದರೆ ಬಣ್ಣದೊಡನೆ ಬರಹವೂ ಹೋಗುತ್ತದೆ. ಇದಕ್ಕಿಂತ ಘೋರವಾದುದು ನಿಧಿಯ ಆಸೆ. ಓದಲಾಗದ ಹಳಗನ್ನಡ ಲಿಪಿಯನ್ನು ನಿಕ್ಷೇಪದ ಗುರುತೆಂದು ಭ್ರಮಿಸಿ ಕಲ್ಲನ್ನು ಬುಡಮೇಲು ಮಾಡಿದ, ಸೀಳಿದ ಪ್ರಸಂಗಗಳು ನಾಡಿನಲ್ಲಿ ಹೇರಳವಾಗಿವೆ. ಕಲ್ಲಿನಲ್ಲಿ ಬರೆದಿರುವುದು ಎರಡು ಖಂಡುಗ ಗದ್ದೆಯ ದಾನವೆಂದು ಊರಿಗೆಲ್ಲ ತಿಳಿದಿದ್ದರೆ ಹಾರೆ ಹಿಡಿದು ರಾತ್ರಿಯಲ್ಲಿ ಬರುವವರು ಯಾರು? ಆದುದರಿಂದ ಶಾಸನದ ಪಾಠವನ್ನೂ ಅದರ ಅರ್ಥವನ್ನೂ ತಿಳಿಗನ್ನಡದಲ್ಲಿ ಬರೆಯಿಸಿ ಕಲ್ಲಿನ ಪಕ್ಕದಲ್ಲಿ ನಿಲ್ಲಿಸುವ ಫಲಕವು ಬೇಲಿಗಿಂತ ಬಲವಾದ ರಕ್ಷಣೆ.

ಪಾಠವನ್ನು ಪಡೆಯುವ ಕ್ರಮವೂ ಕಷ್ಟದ್ದಲ್ಲ. ಶಿಲೆಯನ್ನು ನೀರಿನಿಂದಲೂ ಮೃದುವಾದ ಕುಂಚದಿಂದಲೂ ಶುಚಿಮಾಡಿ, ತೊಯ್ದ ಕಾಗದವನ್ನು ಅದರ ಮೇಲೆ ಹರಡಿ, ಬಿರುಸಾದ ಕುಂಚದಿಂದ ಮೆಲ್ಲಮೆಲ್ಲನೆ ಬಡಿದರೆ ಕಾಗದವು ಅಕ್ಷರದ ಗುಳಿಗಳೊಳಕ್ಕೆ ಇಳಿಯುತ್ತದೆ. ಬಳಿಕ ಬಟ್ಟೆಯ ಉಂಡೆಯಿಂದ ಕಪ್ಪು ಮಸಿಯನ್ನು ತಟ್ಟಿದಾಗ ಕಪ್ಪು ನೆಲದ ಮೇಲೆ ಬಿಳಿಯ ಅಕ್ಷರಗಳು ಮೂಡುತ್ತವೆ. ಶತಮಾನಕ್ಕೂ ಮೀರಿದ ಈ ಪಡಿಯಚ್ಚಿನ ವಿಧಾನಕ್ಕೆ ಈಗ ಬೆಳಕಿನ ಕಿರಣಗಳಿಂದ ಶಿಲೆಯ ಮೇಲ್ಮೈಯನ್ನು ಅಳೆಯುವ ಯಂತ್ರ ಜೊತೆಗೂಡಿದೆ. 1909ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಮಿಥಿಕ್ ಸೊಸೈಟಿಯು 2021ರಲ್ಲಿ ಈ ಭಾಗದ ಶಾಸನಗಳನ್ನು ಇಂಥ ಮೂರು ಆಯಾಮದ ಪ್ರತಿಗಳನ್ನಾಗಿ ದಾಖಲಿಸುವ ಕೆಲಸವನ್ನು ಕೈಗೊಂಡಿತು. ಬರಿಗಣ್ಣಿಗೆ ಕಾಣದಷ್ಟು ಸವೆದ ಗೆರೆಯೂ ಇದರಲ್ಲಿ ಓದಲು ಒದಗುವುದುಂಟು. ಆದರೆ ಯಂತ್ರವು ಅಳೆಯಬೇಕಾದರೆ ಕಲ್ಲು ಅಲ್ಲಿರಬೇಕು. ಅದು ಎಲ್ಲಿದೆಯೆಂದು ಹೇಳುವವರೂ ಇರಬೇಕು.

ಉಲ್ಲಾಳ, ಕೆಂಗೇರಿ, ಮಲ್ಲತ್ತಹಳ್ಳಿಗಳ ಕಡೆ ಈ ಕೆಲಸಕ್ಕೆ ಹೊರಡುವವರು 1905ರ ಸಂಪುಟವನ್ನು ಕೈಯಲ್ಲಿ ಹಿಡಿದು ಹೊರಡಬೇಕು. ಅದರಲ್ಲಿಲ್ಲದ ಕಲ್ಲು ಸಿಕ್ಕರೆ ಅದೇ ಲಾಭ. ಶಾಸನದ ನೆಲೆಯನ್ನು ರೈಸ್ ಅವರು ಗುರುತಿಸಿರುವುದು ಊರಿನ ದಿಕ್ಕಿನಿಂದ, ಹೊಲದ ಹೆಸರಿನಿಂದ, ಗುಡಿಯಿಂದ. ಆ ಹೊಲಗಳು ಇಂದು ಅಡ್ಡರಸ್ತೆಗಳ ಸಂಖ್ಯೆಗಳಾಗಿವೆ. ಯಾವ ಹೊಲ ಯಾವ ಅಡ್ಡರಸ್ತೆಯಾಯಿತೆಂದು ಬೊಟ್ಟು ಮಾಡಿ ತೋರಿಸಬಲ್ಲವರು, ಅಲ್ಲಿ ಉತ್ತು ಬಿತ್ತಿದ ಹಳಬರು, ಇಂಥ ಊರುಗಳ ಅರಳಿಕಟ್ಟೆಗಳಲ್ಲಿ ಈಗಲೂ ಕೆಲವರಾದರೂ ಸಿಗುತ್ತಾರೆ. ಅವರ ಮಾತನ್ನು ನಕ್ಷೆಯ ಮೇಲೆ ಗುರುತು ಹಾಕಿಕೊಳ್ಳುವುದೇ ಮೊದಲ ಕೆಲಸ. ಮಂಟಪ, ಫಲಕಗಳೆಲ್ಲ ಆಮೇಲಿನವು.