ಗಣಿಯಲ್ಲಿ ಬಿಸಿಲಿಗೆ ಜೊತೆಯಾದ ಡೀಸೆಲ್

ಇಗರ್ಜಿಯ ಮಾಡಿನ ಮೇಲೆ ಸೌರ ಫಲಕ ಹಾಕಿಸಿದರೆ ಹಳೆಯ ಜನರೇಟರನ್ನು ಮಾರಿಬಿಡಬಹುದೇ? ಧರ್ಮಕೇಂದ್ರಗಳ ಪಾಲನಾ ಮಂಡಳಿ ಸಭೆಗಳಲ್ಲಿ ಏಳುವ ಪ್ರಶ್ನೆಯಿದು. ಇದಕ್ಕೆ ಉತ್ತರ ಹೇಳಲು ನಾವು ಓದುಗರನ್ನು ಸ್ವಲ್ಪ ದೂರ, ಪಶ್ಚಿಮ ಆಸ್ಟ್ರೇಲಿಯಾದ ಗಣಿಗಳತ್ತ ಕರೆದೊಯ್ಯಬೇಕಾಗಿದೆ.

ಪರ್ತ್ ನಗರದಿಂದ ಈಶಾನ್ಯಕ್ಕೆ ಸುಮಾರು 900 ಕಿಲೋಮೀಟರ್ ದೂರದಲ್ಲಿ ಡಿಗ್ರುಸಾ ಎಂಬ ತಾಮ್ರ ಮತ್ತು ಚಿನ್ನದ ಗಣಿ ನಡೆಯುತ್ತಿತ್ತು. ಅಲ್ಲಿಗೆ ಸರಕಾರಿ ವಿದ್ಯುತ್ ತಂತಿ ಇರಲಿಲ್ಲ. ಅದಿರು ಅರೆಯುವ ಯಂತ್ರದಿಂದ ಹಿಡಿದು ನೆಲದಡಿಗೆ ಗಾಳಿ ತಳ್ಳುವ ಫ್ಯಾನಿನವರೆಗೆ ಎಲ್ಲಕ್ಕೂ ಡೀಸೆಲ್ ಜನರೇಟರ್‌ಗಳೇ ಆಧಾರ. 2016ರಲ್ಲಿ ಅಲ್ಲಿ 34,080 ಫಲಕಗಳ 10.6 ಮೆಗಾವಾಟ್ ಸೌರ ಸ್ಥಾವರವೂ 6 ಮೆಗಾವಾಟ್ ಬ್ಯಾಟರಿಯೂ ಸೇರಿಕೊಂಡವು. ವರ್ಷಕ್ಕೆ ಸುಮಾರು 50 ಲಕ್ಷ ಲೀಟರ್ ಡೀಸೆಲ್ ಉಳಿದೀತು ಎಂಬ ಅಂದಾಜು ಇತ್ತು.

ಆದರೆ ಜನರೇಟರ್‌ಗಳನ್ನು ಯಾರೂ ಕಿತ್ತು ಹಾಕಲಿಲ್ಲ. ಕಾರಣ ರಾತ್ರಿ ಮಾತ್ರವಲ್ಲ, ಹಗಲಿನ ಮೋಡವೂ ಹೌದು. ಒಂದು ದಟ್ಟ ಮೋಡ ಅಡ್ಡ ಬಂದರೆ ಸೌರ ವಿದ್ಯುತ್ತು ಕ್ಷಣಗಳಲ್ಲಿ ಅರ್ಧಕ್ಕಿಂತ ಕೆಳಗೆ ಇಳಿಯಬಹುದು. ನಿಂತ ಎಂಜಿನ್ ಶುರುವಾಗಿ ಭಾರ ಹೊರುವಷ್ಟು ಹೊತ್ತು ಯಂತ್ರಗಳು ಕಾಯುವುದಿಲ್ಲ. ನೆಲದಡಿಯಲ್ಲಿ ಕೆಲಸಗಾರರಿರುವಾಗ ಗಾಳಿಯ ಫ್ಯಾನು ನಿಂತರೆ ಅದು ಸಣ್ಣ ಸಂಗತಿಯಲ್ಲ. ಆ ಕೆಲವು ನಿಮಿಷಗಳ ಅಂತರವನ್ನು ತುಂಬಲೆಂದೇ ಬ್ಯಾಟರಿ. ಇಡೀ ರಾತ್ರಿ ದೀಪ ಉರಿಸಲು ಅದನ್ನು ಇಟ್ಟಿದ್ದಾರೆಂದು ನಾವೂ ಮೊದಲು ಭಾವಿಸಿದ್ದೆವು!

ಇನ್ನೊಂದು ತೊಡಕು ಎಂಜಿನ್ನಿನದೇ. ಡೀಸೆಲ್ ಎಂಜಿನನ್ನು ಅದರ ಸಾಮರ್ಥ್ಯದ ಸುಮಾರು ಶೇ. 30ಕ್ಕಿಂತ ಕಡಿಮೆ ಭಾರದಲ್ಲಿ ಬಹಳ ಹೊತ್ತು ಓಡಿಸಿದರೆ ಎಣ್ಣೆ ಪೂರ್ತಿ ಉರಿಯದೆ ಮಸಿ ಕಟ್ಟುತ್ತದೆ. ಆದ್ದರಿಂದ ಬಿಸಿಲು ಧಾರಾಳವಾಗಿದ್ದರೂ ಕೆಲವೊಮ್ಮೆ ಸೌರ ವಿದ್ಯುತ್ತನ್ನೇ ತಗ್ಗಿಸಬೇಕಾಗುತ್ತದೆ. ಅದೇ ಸೀಮೆಯ ಆಗ್ನ್ಯೂ ಚಿನ್ನದ ಗಣಿಯಲ್ಲಿ 2020ರಲ್ಲಿ 5 ಗಾಳಿಯಂತ್ರಗಳನ್ನೂ ಸೇರಿಸಿದರು. ಗಾಳಿ ರಾತ್ರಿಯೂ ಬೀಸುವುದರಿಂದ ಅಲ್ಲಿ ಅರ್ಧಕ್ಕೂ ಹೆಚ್ಚು ವಿದ್ಯುತ್ತು ಬಿಸಿಲು-ಗಾಳಿಯಿಂದ ದೊರೆಯುವಂತಾಯಿತು. ಉಳಿದದ್ದಕ್ಕೆ ಅನಿಲ, ಡೀಸೆಲ್.

ಹಣದ ಲೆಕ್ಕವೂ ಸುಲಭವಲ್ಲ. ಫಲಕಗಳ ಆಯುಸ್ಸು ಸುಮಾರು 25 ವರ್ಷ, ಗಣಿಯ ಆಯುಸ್ಸು ಅದಿರು ಇರುವಷ್ಟೇ. ಡಿಗ್ರುಸಾದಲ್ಲಿ ಅದಿರಿನ ಕೆಲಸ 2023ರಲ್ಲಿ ಮುಗಿಯಿತು. ಸ್ಥಾವರಕ್ಕಾಗ ಬರೇ ಏಳು ವರ್ಷ. ಆರಂಭದಲ್ಲಿ ಆಸ್ಟ್ರೇಲಿಯಾ ಸರಕಾರದ ಸಂಸ್ಥೆಗಳು ಹಣದ ನೆರವು ಕೊಟ್ಟದ್ದು ಇಂಥ ಅಪಾಯವಿದ್ದುದರಿಂದಲೇ.

ದಿವಂಗತ ಪೋಪ್ ಫ್ರಾನ್ಸಿಸ್ ತಮ್ಮ 2015ರ 'ಲೌದಾತೋ ಸಿ' ವಿಶ್ವಪರಿಪತ್ರದಲ್ಲಿ ಕಲ್ಲಿದ್ದಲು, ಎಣ್ಣೆಗಳ ಬಳಕೆಯನ್ನು ತಡಮಾಡದೆ ಹಂತಹಂತವಾಗಿ ಬಿಡಬೇಕೆಂದು ಕೇಳಿಕೊಂಡಿದ್ದರು. ಅಲ್ಲಿಯ ತನಕ ಕಡಿಮೆ ಹಾನಿಯ ದಾರಿ ಆರಿಸಿಕೊಳ್ಳುವುದು ತಪ್ಪಲ್ಲ ಎಂದೂ ಅದೇ ಕಡೆ ಬರೆದಿದ್ದಾರೆ. ಈ ಎರಡನೆಯ ಮಾತನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ.

ಇನ್ನು ನಮ್ಮ ಇಗರ್ಜಿಯ ವಿಷಯ. ಬ್ಯಾಟರಿ ಇಲ್ಲದೆ, ಲೈನಿಗೆ ಜೋಡಿಸಿದ ಸಾಮಾನ್ಯ ಸೌರ ವ್ಯವಸ್ಥೆ ಕರೆಂಟು ಹೋದ ಕೂಡಲೇ ತಾನೂ ನಿಲ್ಲುತ್ತದೆ. ತಂತಿ ರಿಪೇರಿಗೆ ಕಂಬ ಹತ್ತಿದ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದೆಂದು ಹಾಗೆ ಮಾಡಿರುತ್ತಾರೆ. ಹಬ್ಬದ ಪೂಜೆಯ ನಡುವೆ ಕರೆಂಟು ಹೋದರೆ, ಮಾಡಿನ ಮೇಲೆ ಸುಡುಬಿಸಿಲಿದ್ದರೂ ಮೈಕು ಮೌನ. ಆದ್ದರಿಂದ ದರಪಟ್ಟಿಗೆ ಸಹಿ ಹಾಕುವ ಮೊದಲು ಕೇಳಿ: ಕರೆಂಟಿಲ್ಲದಾಗ ಇದು ನಡೆಯುತ್ತದೆಯೇ? ಮೈಕು, ದೀಪ, ಫ್ಯಾನುಗಳಿಗೆ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ? ಜನರೇಟರನ್ನು ಇದಕ್ಕೆ ಜೋಡಿಸಬಹುದೇ? ಸರಿಯಾದ ಉತ್ತರ ಸಿಗುವವರೆಗೆ, ಕನಿಷ್ಠ ಒಂದು ಮಳೆಗಾಲ ಕಳೆಯುವವರೆಗೆ, ಜನರೇಟರ್ ಶೆಡ್ಡಿನಲ್ಲೇ ಇರಲಿ.