ಚಿಲ್ಲರೆಯ ಬದಲು ಬಿಲ್ಲೆ: ನಷ್ಟ ಯಾರಿಗೆ?



ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿ ಮಾರುವಾಗ ತೂಕದಲ್ಲಿ ಸ್ವಲ್ಪ ಹೆಚ್ಚುಕಡಮೆಯಾದರೂ ನಾವು ಸುಮ್ಮನಿರುವುದಿಲ್ಲ. ಆದರೆ ಅಂಗಡಿಯಲ್ಲಿ ಮೂರು ರೂಪಾಯಿ ಚಿಲ್ಲರೆಗೆ ಬದಲಾಗಿ ಮಿಠಾಯಿಯನ್ನೋ ಚೀಟಿಯನ್ನೋ ಕೊಟ್ಟರೆ ಮಾತಿಲ್ಲದೆ ತೆಗೆದುಕೊಳ್ಳುತ್ತೇವೆ. ವಾರಕ್ಕೆ ಎರಡು ಸಲ ಹೀಗಾದರೆ ವರ್ಷಕ್ಕೆ 312 ರೂಪಾಯಿ ಆಗುತ್ತದೆ.

ಇದು ಹೊಸ ಪದ್ಧತಿಯಲ್ಲ. ಸರ್ಕಾರದ ಚಿಲ್ಲರೆ ಸಾಲದೆ ಬಂದಾಗ ವರ್ತಕರು ತಮ್ಮದೇ ಬಿಲ್ಲೆಗಳನ್ನು ಹೊರಡಿಸಿದ್ದುಂಟು. ಇಂಗ್ಲೆಂಡಿನಲ್ಲಿ 1648ರ ನಂತರ ಅಂಗಡಿಯವರು ತಮ್ಮ ಹೆಸರು, ಊರು ಅಚ್ಚೊತ್ತಿದ ತಾಮ್ರ, ಹಿತ್ತಾಳೆಯ ಬಿಲ್ಲೆಗಳನ್ನು ಚಲಾವಣೆಗೆ ತಂದರು. 1672ರಲ್ಲಿ ದೊರೆಯೇ ತಾಮ್ರದ ಕಾಸು ಹೊರಡಿಸಿ ಅವನ್ನು ನಿಲ್ಲಿಸಿದನು.

ನಮ್ಮ ದೇಶದಲ್ಲಿಯೂ ಎರಡನೆಯ ಮಹಾಯುದ್ಧದ ಕಾಲದಲ್ಲಿ ಚಿಲ್ಲರೆಗೆ ಬಹಳ ಅಭಾವವಾಯಿತು. ಲೋಹ ಉಳಿಸಲೆಂದು 1943ರಲ್ಲಿ ತೂತಿನ ಕಾಸು ಬಂದಿತು. ನಾಣ್ಯದ ಬೆಲೆಗಿಂತ ಅದರ ಲೋಹದ ಬೆಲೆ ಹೆಚ್ಚಾದರೆ ಜನ ಅದನ್ನು ಕರಗಿಸುತ್ತಾರೆ. ಇದನ್ನು ತಡೆಯಲು 1971ರಲ್ಲಿ ಒಂದು ಕಾಯಿದೆಯನ್ನೇ ಮಾಡಬೇಕಾಯಿತು.

ಬಿಲ್ಲೆಯಿಂದ ತೊಂದರೆಯೇನು? ಸರ್ಕಾರದ ನಾಣ್ಯ ಎಲ್ಲೆಡೆ ನಡೆಯುತ್ತದೆ. ಅಂಗಡಿಯ ಬಿಲ್ಲೆ ಆ ಅಂಗಡಿಯಲ್ಲಿ ಮಾತ್ರ. ಪಕ್ಕದ ಅಂಗಡಿಯಲ್ಲಿ ಬೆಲೆ ಕಡಮೆಯಿದ್ದರೂ ನಾವು ಅಲ್ಲಿಗೇ ಹೋಗಬೇಕು. ಆ ಅಂಗಡಿ ಮುಚ್ಚಿದರೆ ಬಿಲ್ಲೆಗೆ ಬೆಲೆಯಿಲ್ಲ. ಅಂದರೆ ಬಡ್ಡಿಯಿಲ್ಲದೆ ನಾವೇ ವರ್ತಕರಿಗೆ ಸಾಲ ಕೊಟ್ಟಂತೆ!

ಲೋಹದ ಬಿಲ್ಲೆಯನ್ನು ಹಣದಂತೆ ಹೊರಡಿಸುವುದನ್ನು 1889ರ ಕಾಯಿದೆಯೂ, ಅದರ ಸ್ಥಾನದಲ್ಲಿ ಬಂದ 2011ರ ನಾಣ್ಯ ಕಾಯಿದೆಯೂ ನಿಷೇಧಿಸಿವೆ. ಬಸ್ಸಿನ ಕಂಡಕ್ಟರು ಟಿಕೆಟ್ಟಿನ ಹಿಂದೆ ಬರೆದುಕೊಡುವುದು ಹಣವಲ್ಲ, ಬಾಕಿಯ ಗುರುತು. ಇಳಿಯುವ ಮೊದಲು ಕೇಳಿ ಪಡೆಯಿರಿ.

ಹಾಗಾದರೆ ನಾವು ಮಾಡಬೇಕಾದುದೇನು?

1. ಹತ್ತು ರೂಪಾಯಿ ನಾಣ್ಯವನ್ನು ನಿರಾಕರಿಸಬೇಡಿ. ಅದರ 14 ನಮೂನೆಗಳೂ ಚಲಾವಣೆಯಲ್ಲಿವೆಯೆಂದು ರಿಸರ್ವ್ ಬ್ಯಾಂಕು 2018ರಲ್ಲಿ ತಿಳಿಸಿದೆ. ನಾವೇ ಬೇಡವೆಂದರೆ ಚಿಲ್ಲರೆ ಎಲ್ಲಿಂದ ಬರಬೇಕು?

2. ಐವತ್ತು ಪೈಸೆಯೂ ಸಲ್ಲುತ್ತದೆ. 25 ಪೈಸೆ ಮತ್ತು ಅದಕ್ಕಿಂತ ಚಿಕ್ಕವು ಮಾತ್ರ 2011ರ ಜೂನ್ 30ರಿಂದ ಸಲ್ಲುವುದಿಲ್ಲ.

3. ಡಬ್ಬಿಯಲ್ಲಿ ಕೂಡಿಟ್ಟ ನಾಣ್ಯಗಳನ್ನು ಬ್ಯಾಂಕಿಗೆ ಕಟ್ಟಿರಿ, ಇಲ್ಲವೇ ಅಂಗಡಿಗೆ ಕೊಡಿರಿ. ಚಿಲ್ಲರೆ ಸಿಗದೆ ಅಂಗಡಿಯವರಿಗೂ ಕಷ್ಟವಿದೆ.

4. ಮೊಬೈಲಿನಲ್ಲಿ ಹಣ ಕೊಡಬಲ್ಲವರು ಸರಿಯಾದ ಮೊತ್ತವನ್ನೇ ಕೊಡಿರಿ.

5. ಮಿಠಾಯಿ ಬೇಡವಾದರೆ, “ಬೇಡ, ಚಿಲ್ಲರೆ ಕೊಡಿ” ಎಂದು ಸೌಜನ್ಯದಿಂದ ಹೇಳಿರಿ.

ಹನಿಗೂಡಿದರೆ ಹಳ್ಳ. ಬೆವರು ಸುರಿಸಿ ಗಳಿಸಿದ ಒಂದು ರೂಪಾಯಿಯೂ ನಮ್ಮದೇ ಎಂಬುದನ್ನು ಮರೆಯದಿರೋಣ.